ಮೆಟಾಲಿಕಾ (ಆಲ್ಬಮ್)

'ಮೆಟಾಲಿಕಾ' ಎಂಬುದು ಅದೇ ಹೆಸರಿನ ಅಮೆರಿಕದ ಹೆವಿ ಮೆಟಲ್ ವಾದ್ಯವೃಂದದ ಐದನೆಯ ಸ್ಟುಡಿಯೊ ಆಲ್ಬಮ್. ಇದು 1991ರ ಆಗಸ್ಟ್ 12ರಂದು ಎಲೆಕ್ಟ್ರಾ ಸಂಸ್ಥೆಯ ಮೂಲಕ ಬಿಡುಗಡೆಯಾಯಿತು. ಹೊದಿಕೆಯು ಬಹುತೇಕ ಪೂರ್ತಿಯಾಗಿ ಕಪ್ಪು ಬಣ್ಣದ್ದಾಗಿರುವುದರಿಂದ ಜನಬಳಕೆಯಲ್ಲಿ 'ಬ್ಲ್ಯಾಕ್ ಆಲ್ಬಮ್' ಎಂಬ ಹೆಸರೇ ಇದಕ್ಕೆ ನಿಂತಿದೆ. ಹನ್ನೆರಡು ಗೀತೆಗಳಿರುವ ಈ ಆಲ್ಬಮ್‌ನ ಒಟ್ಟು ಅವಧಿ ಸುಮಾರು 62 ನಿಮಿಷ. ಬಾಬ್ ರಾಕ್, ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಲಾರ್ಸ್ ಉಲ್ರಿಕ್ ಇದರ ನಿರ್ಮಾಪಕರು.

ಅತಿವೇಗದ, ದೀರ್ಘವಾದ, ಜಟಿಲ ರಚನೆಗಳಿಗೆ ಹೆಸರಾಗಿದ್ದ ತಂಡವೊಂದು ತನ್ನ ಸಂಗೀತದಿಂದ ಅವುಗಳನ್ನೇ ಕಳೆಯಲು ಹೊರಟು ಈ ಆಲ್ಬಮ್ ಅನ್ನು ಮಾಡಿತು. ಆ ಕೆಲಸಕ್ಕೆ ಎಂಟು ತಿಂಗಳಿಗೂ ಮೀರಿದ ಕಾಲ, ಸುಮಾರು ಹತ್ತು ಲಕ್ಷ ಡಾಲರ್ ಹಣ ಮತ್ತು ನಿರ್ಮಾಪಕರೊಡನೆ ನಿತ್ಯದ ಜಗಳ ಬೇಕಾದವು. ಹೆವಿ ಮೆಟಲ್ ಎಂದರೆ ಬರಿಯ ಗದ್ದಲವೆಂದು ತಿಳಿದವರು ಕೂಡ ಇದರ ಒಂದೆರಡು ಗೀತೆಗಳನ್ನು ಕೇಳಿರುತ್ತಾರೆ. ಅದೇ ಕಾರಣಕ್ಕಾಗಿ ಹಳೆಯ ಅಭಿಮಾನಿಗಳಲ್ಲಿ ಕೆಲವರು ಇದನ್ನು ಇಂದಿಗೂ ಒಪ್ಪುವುದಿಲ್ಲ.

ಹಿನ್ನೆಲೆ

ಮೆಟಾಲಿಕಾ ತಂಡವು 1981ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಆರಂಭವಾಯಿತು. ಡೆನ್ಮಾರ್ಕ್‌ನಲ್ಲಿ ಹುಟ್ಟಿದ ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಮತ್ತು ಗಾಯಕ ಹಾಗೂ ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಇದರ ಸ್ಥಾಪಕರು. ಮುಂದೆ ತಂಡವು ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶಕ್ಕೆ ನೆಲೆ ಬದಲಿಸಿತು. 1983ರಲ್ಲಿ ಕರ್ಕ್ ಹ್ಯಾಮೆಟ್ ಮುಖ್ಯ ಗಿಟಾರ್ ವಾದಕರಾಗಿ ಸೇರಿದರು. ಹೆವಿ ಮೆಟಲ್‌ನ ಭಾರಕ್ಕೆ ಪಂಕ್ ಸಂಗೀತದ ವೇಗವನ್ನು ಬೆರೆಸಿದ 'ಥ್ರ್ಯಾಶ್ ಮೆಟಲ್' ಎಂಬ ಪ್ರಕಾರವನ್ನು ಕಟ್ಟಿದವರಲ್ಲಿ ಈ ತಂಡ ಪ್ರಮುಖವಾದುದು.

ತಂಡದ ಬೇಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ನಡೆದ ಬಸ್ ಅಪಘಾತದಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. ಇವರು ಬಂದ ಬಳಿಕ 1988ರಲ್ಲಿ ಹೊರಬಂದ ನಾಲ್ಕನೆಯ ಆಲ್ಬಮ್ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆರನೆಯ ಸ್ಥಾನದವರೆಗೆ ಏರಿತು. ಅದರಲ್ಲಿದ್ದುದು ಒಂಬತ್ತೇ ಗೀತೆಗಳಾದರೂ ಅವಧಿ 65 ನಿಮಿಷ; ಶೀರ್ಷಿಕೆ ಗೀತೆಯೊಂದೇ ಹತ್ತು ನಿಮಿಷಕ್ಕೆ ಸಮೀಪವಾಗಿತ್ತು. ಲಯ ಮೇಲಿಂದ ಮೇಲೆ ಬದಲಾಗುತ್ತಿತ್ತು, ಒಂದು ಗೀತೆಯೊಳಗೆ ಹತ್ತಾರು ಬಿಡಿ ಭಾಗಗಳು ಪೋಣಿಸಲ್ಪಟ್ಟಿದ್ದವು. ನ್ಯೂಸ್ಟೆಡ್ ಅವರ ಬೇಸ್ ಗಿಟಾರ್ ಅಂತಿಮ ಧ್ವನಿಮಿಶ್ರಣದಲ್ಲಿ ಕಿವಿಗೆ ಬೀಳದಷ್ಟು ತಗ್ಗಿಸಲ್ಪಟ್ಟಿತ್ತು. ಹೊಸಬನ ಬಗ್ಗೆ ತಂಡಕ್ಕಿದ್ದ ಅಸಡ್ಡೆಯ ಕುರುಹು ಎಂದೇ ಅದನ್ನು ಅನೇಕರು ಓದಿದ್ದಾರೆ.

ಇಂತಹ ಗೀತೆಗಳನ್ನು ವರ್ಷಕ್ಕೂ ಹೆಚ್ಚು ಕಾಲ ಊರೂರಿನ ವೇದಿಕೆಗಳಲ್ಲಿ ನುಡಿಸಿದಾಗ ಸದಸ್ಯರಿಗೆ ಒಂದು ಸಂಗತಿ ಅರಿವಾಯಿತು. ಹತ್ತು ನಿಮಿಷದ ಹಾಡಿನ ನಡುವೆ ಸಭಿಕರ ಗಮನ ಚದುರುತ್ತಿತ್ತು, ನುಡಿಸುವವರಿಗೂ ದಣಿವಾಗುತ್ತಿತ್ತು. ಆ ದಾರಿಯಲ್ಲಿ ಇನ್ನು ಮುಂದೆ ಹೋಗಲು ಸ್ಥಳವಿಲ್ಲವೆಂದು ತಂಡ ನಿಶ್ಚಯಿಸಿತು. ಒಂದು ಹಾಡಿಗೆ ಒಂದೆರಡು ರಿಫ್ ಸಾಕು ಎಂಬ ಯೋಚನೆ ಮೊಳೆತದ್ದು ಆಗ. (ಗಿಟಾರ್‌ನಲ್ಲಿ ಮತ್ತೆ ಮತ್ತೆ ಮರಳಿ ಬರುವ ಚಿಕ್ಕ ಸ್ವರಗುಚ್ಛಕ್ಕೆ ರಿಫ್ ಎನ್ನುತ್ತಾರೆ. ನಮ್ಮ ಕೀರ್ತನೆಗಳಲ್ಲಿ ಪಲ್ಲವಿಯ ಸಾಲು ಮರಳಿ ಬಂದು ಕೃತಿಯನ್ನು ಹಿಡಿದಿಡುವ ಬಗೆಯನ್ನು ನೆನೆದರೆ ಅದರ ಕೆಲಸ ಅರ್ಥವಾಗುತ್ತದೆ.)

ನಿರ್ಮಾಪಕರ ಆಯ್ಕೆ

ಹಿಂದಿನ ಮೂರು ಆಲ್ಬಮ್‌ಗಳಲ್ಲಿ ಡೆನ್ಮಾರ್ಕ್‌ನ ಫ್ಲೆಮಿಂಗ್ ರಾಸ್ಮುಸ್ಸೆನ್ ತಂಡದೊಡನೆ ಸಹನಿರ್ಮಾಪಕರಾಗಿ ದುಡಿದಿದ್ದರು. ಈ ಸಲ ಸದಸ್ಯರ ಕಣ್ಣು ಕೆನಡಾದ ಬಾಬ್ ರಾಕ್ ಅವರ ಮೇಲೆ ಬಿದ್ದಿತು. ಮಾಟ್ಲಿ ಕ್ರೂ ತಂಡಕ್ಕಾಗಿ ಅವರು ನಿರ್ಮಿಸಿದ್ದ 'ಡಾಕ್ಟರ್ ಫೀಲ್‌ಗುಡ್' ಎಂಬ 1989ರ ಆಲ್ಬಮ್‌ನಲ್ಲಿ ಡ್ರಮ್ ಮತ್ತು ಬೇಸ್‌ಗಳು ಎದೆಗೆ ತಟ್ಟುವಂತೆ ಕೇಳುತ್ತಿದ್ದವು. ತಮ್ಮ ಆಲ್ಬಮ್‌ಗಳಲ್ಲಿ ಎಂದೂ ಇರದಿದ್ದ ಆ ಭಾರ ಮೆಟಾಲಿಕಾಗೆ ಬೇಕಾಗಿತ್ತು.

ಮೊದಲಿಗೆ ತಂಡವು ಅವರಿಗೆ ಕೊಡಲು ಬಯಸಿದ್ದು ಧ್ವನಿಮಿಶ್ರಣದ ಕೆಲಸವನ್ನು ಮಾತ್ರ. ಬಾಬ್ ರಾಕ್ ಒಪ್ಪಲಿಲ್ಲ. ನಿರ್ಮಾಣದ ಹೊಣೆಯನ್ನು ಕೊಡುವುದಾದರೆ ಬರುವೆನೆಂದರು. ವೇದಿಕೆಯ ಮೇಲೆ ಈ ತಂಡಕ್ಕಿದ್ದ ಬಲವು ಧ್ವನಿಮುದ್ರಣಗಳಲ್ಲಿ ಎಂದೂ ಸೆರೆಯಾಗಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ತಮ್ಮ ಕೆಲಸದಲ್ಲಿ ಹೊರಗಿನವರ ಮಾತಿಗೆ ಎಡೆಕೊಟ್ಟು ರೂಢಿಯಿಲ್ಲದ ಹೆಟ್‌ಫೀಲ್ಡ್ ಮತ್ತು ಉಲ್ರಿಕ್ ಕಡೆಗೆ ಒಪ್ಪಿಕೊಂಡರು. ಆದರೆ ನಿರ್ಮಾಪಕರ ಪಟ್ಟಿಯಲ್ಲಿ ತಮ್ಮ ಹೆಸರುಗಳನ್ನೂ ಉಳಿಸಿಕೊಂಡರು.

ಧ್ವನಿಮುದ್ರಣ

ಧ್ವನಿಮುದ್ರಣವು 1990ರ ಅಕ್ಟೋಬರ್ 6ರಂದು ಲಾಸ್ ಏಂಜಲೀಸ್‌ನ ಉತ್ತರ ಹಾಲಿವುಡ್‌ನಲ್ಲಿದ್ದ 'ಒನ್ ಆನ್ ಒನ್' ಸ್ಟುಡಿಯೊದಲ್ಲಿ ಆರಂಭವಾಗಿ 1991ರ ಜೂನ್ 16ರವರೆಗೆ ನಡೆಯಿತು. ನಡುವೆ ಕೆಲವು ದಿನಗಳ ಕೆಲಸ ಕೆನಡಾದ ವ್ಯಾಂಕೂವರ್ ನಗರದ 'ಲಿಟ್ಲ್ ಮೌಂಟನ್ ಸೌಂಡ್' ಸ್ಟುಡಿಯೊದಲ್ಲಿ ಆಯಿತು. ಮುಖ್ಯ ಧ್ವನಿಮುದ್ರಣ ತಂತ್ರಜ್ಞರಾಗಿದ್ದವರು ರ‍್ಯಾಂಡಿ ಸ್ಟಾಬ್.

ಅದುವರೆಗೆ ಮೆಟಾಲಿಕಾ ಆಲ್ಬಮ್‌ಗಳು ಸಿದ್ಧವಾಗುತ್ತಿದ್ದ ಕ್ರಮ ಬೇರೆ. ಡ್ರಮ್ ವಾದನವನ್ನು ಮೊದಲು ಮುದ್ರಿಸಿಕೊಂಡು, ಅದರ ಮೇಲೆ ಹೆಟ್‌ಫೀಲ್ಡ್ ಅವರ ಗಿಟಾರನ್ನು, ಬಳಿಕ ಉಳಿದವನ್ನು ಒಂದೊಂದಾಗಿ ಪದರಪದರವಾಗಿ ಸೇರಿಸುತ್ತಿದ್ದರು. ಒಬ್ಬರು ನುಡಿಸುವಾಗ ಇನ್ನೊಬ್ಬರು ಸ್ಟುಡಿಯೊದಲ್ಲಿ ಇರಲೇಬೇಕೆಂಬ ನಿಯಮವಿರಲಿಲ್ಲ. ಬಾಬ್ ರಾಕ್ ನಾಲ್ವರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿ ಒಟ್ಟಿಗೆ ನುಡಿಸುವಂತೆ ಕೇಳಿದರು. ಒಬ್ಬರ ಕಣ್ಣನ್ನು ಒಬ್ಬರು ನೋಡಿಕೊಂಡು ನುಡಿಸಿದಾಗ ಲಯದಲ್ಲಿ ಮೂಡುವ ಸಣ್ಣ ಏರಿಳಿತವೇ ಸಂಗೀತಕ್ಕೆ ಜೀವ ಎಂಬುದು ಅವರ ವಾದ. ಹೀಗೆ ಒಂದೇ ಗೀತೆಯನ್ನು ಹತ್ತಾರು ಸಲ ನುಡಿಸಿ, ಆ ಮುದ್ರಿಕೆಗಳಲ್ಲಿ ಉತ್ತಮವಾದ ಭಾಗಗಳನ್ನು ಆರಿಸಿ ಡ್ರಮ್ ವಾದನವನ್ನು ಜೋಡಿಸಲಾಯಿತು. ಕಂಪ್ಯೂಟರ್ ಪರದೆಯ ಮೇಲೆ ಕತ್ತರಿಸಿ ಅಂಟಿಸುವ ಸೌಲಭ್ಯ ಆಗ ಬಳಕೆಗೆ ಬಂದಿರಲಿಲ್ಲ. ಇದೆಲ್ಲವೂ ಟೇಪಿನ ಮೇಲೆ ನಡೆದ ಕೆಲಸ ಎಂಬುದನ್ನು ಇಂದಿನ ಓದುಗರು ನೆನಪಿನಲ್ಲಿಡಬೇಕು.

ಬೇಸ್ ಗಿಟಾರ್‌ನ ವಿಷಯದಲ್ಲಿ ಆದ ಬದಲಾವಣೆ ಎಲ್ಲಕ್ಕಿಂತ ಸ್ಪಷ್ಟ. ಹಿಂದೆ ನ್ಯೂಸ್ಟೆಡ್ ಹೆಟ್‌ಫೀಲ್ಡ್ ಅವರ ಗಿಟಾರನ್ನೇ ಸ್ವರಸ್ವರವಾಗಿ ಅನುಸರಿಸುತ್ತಿದ್ದರು. ಎರಡೂ ಒಂದರಲ್ಲೊಂದು ಕರಗಿಹೋಗುತ್ತಿದ್ದವು. ಬೇಸ್ ಡ್ರಮ್ಮಿನ ಜೊತೆಗಾರನೇ ಹೊರತು ಗಿಟಾರ್‌ನ ನೆರಳಲ್ಲ ಎಂಬುದನ್ನು ಬಾಬ್ ರಾಕ್ ಮನಗಾಣಿಸಿದರು. ಮೃದಂಗದ ಎಡದ ನಾದ ತೆಗೆದುಬಿಟ್ಟರೆ ಕಛೇರಿ ಹೇಗೆ ಬರಿದಾಗುವುದೋ ಹಿಂದಿನ ಆಲ್ಬಮ್ ಹಾಗೆ ಬರಿದಾಗಿತ್ತು. ಈ ಆಲ್ಬಮ್‌ನಲ್ಲಿ ಆ ಕೊರತೆ ತುಂಬಿತು.

ಶ್ರುತಿಯ ಪ್ರಸಂಗವೂ ಉಲ್ಲೇಖಾರ್ಹ. ತಂಡದ ಬಹುತೇಕ ಗೀತೆಗಳು ಗಿಟಾರ್‌ನ ಅತ್ಯಂತ ಕೆಳಗಿನ ತಂತಿಯ 'ಇ' ಸ್ವರದಲ್ಲೇ ನಿಂತಿದ್ದವು. ಎಲ್ಲವೂ ಏಕೆ ಒಂದೇ ಶ್ರುತಿಯಲ್ಲಿವೆ ಎಂದು ಬಾಬ್ ರಾಕ್ ಕೇಳಿದಾಗ, ಅದಕ್ಕಿಂತ ಕೆಳಗಿನ ಸ್ವರ ಗಿಟಾರ್‌ನಲ್ಲಿಲ್ಲ ಎಂಬ ಉತ್ತರ ಬಂದಿತು. ತಾವು ಮೆಚ್ಚಿದ್ದ ಮಾಟ್ಲಿ ಕ್ರೂ ಆಲ್ಬಮ್‌ನಲ್ಲಿ ತಂತಿಗಳನ್ನು 'ಡಿ' ಸ್ವರಕ್ಕೆ ಇಳಿಸಲಾಗಿತ್ತೆಂಬುದು ಸದಸ್ಯರಿಗೆ ಹೊಳೆದಿರಲಿಲ್ಲ. 'ಸ್ಯಾಡ್ ಬಟ್ ಟ್ರೂ' ಗೀತೆಗಾಗಿ ತಂತಿಗಳನ್ನು ಒಂದು ಪೂರ್ಣ ಸ್ವರದಷ್ಟು ಇಳಿಸಿ ನುಡಿಸಿದಾಗ ಅದೇ ರಿಫ್ ಬಂಡೆಯೊಂದನ್ನು ಎಳೆದಂತೆ ಕೇಳಿಸಿತು. ಆಲ್ಬಮ್‌ನ ಅತ್ಯಂತ ಭಾರವಾದ ಗೀತೆ ಇದೇ, ಮತ್ತು ಇದು ವೇಗದ ಗೀತೆಯಲ್ಲ. ಭಾರ ಬರುವುದು ವೇಗದಿಂದಲ್ಲ ಎಂಬುದನ್ನು ತಂಡ ಕಲಿತದ್ದು ಇಲ್ಲಿ ಎನ್ನಬಹುದು.

ಹೆಟ್‌ಫೀಲ್ಡ್ ಅದುವರೆಗೆ ಹಾಡುತ್ತಿದ್ದುದಕ್ಕಿಂತ ಗದರುತ್ತಿದ್ದುದೇ ಹೆಚ್ಚು. ಈ ಆಲ್ಬಮ್‌ಗಾಗಿ ಅವರು ಕಂಠವನ್ನು ತೆರೆದು ರಾಗವನ್ನು ಹಿಡಿಯಲು ಕಲಿತರು. ಬಾಬ್ ರಾಕ್ ಅವರಿಗೆ ತಕ್ಕ ವಾತಾವರಣವನ್ನು ಒದಗಿಸಿ, ಒಂದು ಸಾಲಿಗೆ ಹಲವು ಬಗೆಯ ಹಾಡುಗಾರಿಕೆಯನ್ನು ಪ್ರಯತ್ನಿಸುವಂತೆ ಒತ್ತಾಯಿಸಿದರು. ಸಾಹಿತ್ಯ ದುರ್ಬಲವೆನಿಸಿದಾಗ ಅದನ್ನೂ ಹೇಳಿದರು. ಹಿಂದೆ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ.

ಜಗಳಗಳು

ಸ್ಟುಡಿಯೊದೊಳಗಿನ ದಿನಗಳನ್ನು ಚಲನಚಿತ್ರ ತಂಡವೊಂದು ಚಿತ್ರೀಕರಿಸುತ್ತಿತ್ತು. ಆ್ಯಡಂ ಡುಬಿನ್ ನಿರ್ದೇಶಿಸಿದ, 1992ರಲ್ಲಿ ಎರಡು ಭಾಗಗಳಲ್ಲಿ ಹೊರಬಂದ 'ಎ ಇಯರ್ ಆ್ಯಂಡ್ ಎ ಹಾಫ್ ಇನ್ ದ ಲೈಫ್ ಆಫ್ ಮೆಟಾಲಿಕಾ' ಎಂಬ ಸಾಕ್ಷ್ಯಚಿತ್ರದಿಂದಾಗಿ ಈ ಆಲ್ಬಮ್ ಸಿದ್ಧವಾದ ಬಗೆ ಇತರ ಆಲ್ಬಮ್‌ಗಳಿಗಿಂತ ಹೆಚ್ಚು ವಿವರವಾಗಿ ತಿಳಿದಿದೆ. 'ದ ಅನ್‌ಫರ್ಗಿವನ್' ಗೀತೆಯ ಸೋಲೋ ವಾದನಕ್ಕೆ ಕರ್ಕ್ ಹ್ಯಾಮೆಟ್ ಮನೆಯಲ್ಲಿ ಸಿದ್ಧಪಡಿಸಿಕೊಂಡು ಬಂದದ್ದು ಹೊಂದಲಿಲ್ಲ. ಬಾಬ್ ರಾಕ್ ಅವರನ್ನು ಕಟುವಾಗಿ ತರಾಟೆಗೆ ತೆಗೆದುಕೊಳ್ಳುವುದು, ನೊಂದ ಹ್ಯಾಮೆಟ್ ತಯಾರಿಯನ್ನೆಲ್ಲ ಬದಿಗಿಟ್ಟು ಆ ಗಳಿಗೆಯಲ್ಲೇ ಹೊಳೆದುದನ್ನು ನುಡಿಸುವುದು ಚಿತ್ರದಲ್ಲಿ ದಾಖಲಾಗಿವೆ. ಆಲ್ಬಮ್‌ನಲ್ಲಿ ಈಗ ಕೇಳುವುದು ಬಹುಮಟ್ಟಿಗೆ ಆ ವಾದನವನ್ನೇ. ಅವರ ಅತ್ಯುತ್ತಮ ಸೋಲೋಗಳಲ್ಲಿ ಅದನ್ನು ಎಣಿಸುವವರು ಹಲವರಿದ್ದಾರೆ.

ಸಿಟ್ಟು ಎರಡೂ ಕಡೆಗೆ ಇತ್ತು. ಬಾಬ್ ರಾಕ್ ಅವರ ಪ್ರತಿಯೊಂದು ಸಲಹೆಯೂ ಮೊದಲು ಅನುಮಾನಕ್ಕೆ ಗುರಿಯಾಗುತ್ತಿತ್ತು. ಧ್ವನಿಮಿಶ್ರಣವನ್ನು ಮೂರು ಸಲ ಬದಲಿಸಲಾಯಿತು. ಉಲ್ರಿಕ್, ಹ್ಯಾಮೆಟ್ ಮತ್ತು ನ್ಯೂಸ್ಟೆಡ್ ಮೂವರ ದಾಂಪತ್ಯಗಳೂ ಇದೇ ಅವಧಿಯಲ್ಲಿ ಮುರಿದುಬಿದ್ದವು. ಆಲ್ಬಮ್ ಮುಗಿದಾಗ ಇನ್ನೆಂದೂ ಈ ತಂಡದೊಡನೆ ಕೆಲಸ ಮಾಡಲಾರೆ ಎಂದು ಬಾಬ್ ರಾಕ್ ಹೇಳಿದರು. ತಂಡದವರ ಮಾತೂ ಅದೇ ಆಗಿತ್ತು. ಆದರೂ 'ಲೋಡ್' (1996), 'ರೀಲೋಡ್' (1997) ಮತ್ತು 'ಸೇಂಟ್ ಆ್ಯಂಗರ್' (2003) ಆಲ್ಬಮ್‌ಗಳಿಗೆ ನಿರ್ಮಾಪಕರಾಗಿ ದುಡಿದವರು ಅವರೇ.

ಗೀತೆಗಳು

ಹನ್ನೆರಡು ಗೀತೆಗಳಲ್ಲಿ ಏಳು ನಿಮಿಷವನ್ನು ಮೀರಿದುದು ಒಂದೂ ಇಲ್ಲ. ರಚನೆಯಲ್ಲಿ ಹೆಟ್‌ಫೀಲ್ಡ್ ಮತ್ತು ಉಲ್ರಿಕ್ ಅವರ ಪಾಲೇ ದೊಡ್ಡದು; ಸಾಹಿತ್ಯ ಹೆಟ್‌ಫೀಲ್ಡ್ ಅವರದು. ಯುದ್ಧ, ನ್ಯಾಯಾಲಯ, ರಾಜಕೀಯಗಳ ಬಗ್ಗೆ ಬರೆಯುತ್ತಿದ್ದ ಅವರು ಇಲ್ಲಿ ತಮ್ಮ ಒಳಗಿನ ಭಯ, ಕೋಪ, ಒಂಟಿತನಗಳ ಕಡೆಗೆ ತಿರುಗಿದರು.

ಮೊದಲ ಗೀತೆ 'ಎಂಟರ್ ಸ್ಯಾಂಡ್‌ಮ್ಯಾನ್'. ಇದರ ರಿಫ್ ಅನ್ನು ಹ್ಯಾಮೆಟ್ ಒಂದು ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ಕಂಡುಕೊಂಡರು. ಸಿಯಾಟಲ್‌ನ ಸೌಂಡ್‌ಗಾರ್ಡನ್ ತಂಡದ ಸಂಗೀತ ಆಗ ಅವರ ಕಿವಿಯಲ್ಲಿತ್ತು. ಅವರು ಕಟ್ಟಿದ ರೂಪದಲ್ಲಿ ರಿಫ್‌ನ ಎರಡು ತುಣುಕುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮೊದಲ ತುಣುಕನ್ನು ಮೂರು ಸಲ ನುಡಿಸಿ ಆಮೇಲೆ ಎರಡನೆಯದಕ್ಕೆ ಹೋಗುವಂತೆ ಉಲ್ರಿಕ್ ಸೂಚಿಸಿದರು. ಅಷ್ಟು ಚಿಕ್ಕ ತಿದ್ದುಪಡಿಯಿಂದ ಜಗತ್ತಿನಾದ್ಯಂತ ಗಿಟಾರ್ ಕಲಿಯುವ ಹುಡುಗ ಹುಡುಗಿಯರು ಮೊದಲು ಅಭ್ಯಾಸ ಮಾಡುವ ರಿಫ್‌ಗಳಲ್ಲಿ ಒಂದು ರೂಪುಗೊಂಡಿತು. ಗೀತೆಯ ಸಂಗೀತ ಎಲ್ಲಕ್ಕಿಂತ ಮೊದಲು ಸಿದ್ಧವಾದರೂ ಸಾಹಿತ್ಯ ತಡವಾಯಿತು. ತೊಟ್ಟಿಲಿನಲ್ಲಿ ಶಿಶು ಹಠಾತ್ತಾಗಿ ಸಾಯುವ ವಿಷಯವನ್ನು ಹೆಟ್‌ಫೀಲ್ಡ್ ಮೊದಲು ಬರೆದಿದ್ದರು. ಇನ್ನೂ ಉತ್ತಮವಾದುದನ್ನು ಬರೆಯಬಲ್ಲೆ ಎಂದು ಬಾಬ್ ರಾಕ್ ಮತ್ತು ಉಲ್ರಿಕ್ ಅವರನ್ನು ಒತ್ತಾಯಿಸಿದರು. ತಿದ್ದಿದ ರೂಪದಲ್ಲಿ ಅದು ಮಗುವಿನ ದುಃಸ್ವಪ್ನದ ಹಾಡಾಯಿತು. ಐರೋಪ್ಯ ಜನಪದ ಕಥೆಗಳಲ್ಲಿ ಸ್ಯಾಂಡ್‌ಮ್ಯಾನ್ ಎಂದರೆ ಮಕ್ಕಳ ಕಣ್ಣಿಗೆ ಮರಳು ಚಿಮುಕಿಸಿ ನಿದ್ದೆ ಬರಿಸುವವನು. ಈ ಹಾಡಿನಲ್ಲಿ ಅವನು ಕನ್ನಡದ ಮನೆಗಳ ಗುಮ್ಮನಿಗೆ ಹೆಚ್ಚು ಹತ್ತಿರ. ನಡುವೆ ಕೇಳುವ ಮಗುವಿನ ಪ್ರಾರ್ಥನೆಯ ದನಿ ಬಾಬ್ ರಾಕ್ ಅವರ ಮಗನದು.

'ದ ಅನ್‌ಫರ್ಗಿವನ್' ತಂಡದ ಹಳೆಯ ನಿಧಾನ ಗೀತೆಗಳ ಕ್ರಮವನ್ನು ತಲೆಕೆಳಗು ಮಾಡಿತು. ಹಿಂದೆ ಚರಣಗಳು ಮೆಲುವಾಗಿದ್ದು ಪಲ್ಲವಿಯಲ್ಲಿ ಗಿಟಾರ್‌ಗಳು ಸಿಡಿಯುತ್ತಿದ್ದವು; ಇಲ್ಲಿ ಚರಣ ಗಡುಸು, ಪಲ್ಲವಿ ಮೃದು. 'ವೇರೆವರ್ ಐ ಮೇ ರೋಮ್' ಗೀತೆಯ ಆರಂಭದಲ್ಲಿ ಸಿತಾರ್ ಹೋಲುವ ನಾದವು ಕೇಳಿಬರುತ್ತದೆ. ಅದು ಭಾರತದ ಸಿತಾರ್ ಅಲ್ಲ, ಗಿಟಾರ್‌ನಂತೆ ನುಡಿಸುವ ಎಲೆಕ್ಟ್ರಿಕ್ ಸಿತಾರ್. 'ಡೋಂಟ್ ಟ್ರೆಡ್ ಆನ್ ಮಿ' ಗೀತೆಯು 'ವೆಸ್ಟ್ ಸೈಡ್ ಸ್ಟೋರಿ' ಎಂಬ ಸಂಗೀತ ನಾಟಕದ ಮಟ್ಟೊಂದರ ನೆನಪಿನೊಂದಿಗೆ ತೊಡಗುತ್ತದೆ. 'ಮೈ ಫ್ರೆಂಡ್ ಆಫ್ ಮಿಸರಿ' ನ್ಯೂಸ್ಟೆಡ್ ಅವರ ಬೇಸ್ ವಾದನದಿಂದ ಹುಟ್ಟಿದ್ದು. ಮೂಲತಃ ಅದನ್ನು ಸಾಹಿತ್ಯವಿಲ್ಲದ ವಾದ್ಯರಚನೆಯಾಗಿ ಯೋಚಿಸಲಾಗಿತ್ತು. 'ಹೋಲಿಯರ್ ದ್ಯಾನ್ ದೌ', 'ಥ್ರೂ ದ ನೆವರ್', 'ಆಫ್ ವುಲ್ಫ್ ಆ್ಯಂಡ್ ಮ್ಯಾನ್', 'ದ ಸ್ಟ್ರಗಲ್ ವಿದಿನ್' ಇವು ಹಳೆಯ ಮೆಟಾಲಿಕಾವನ್ನು ಹೆಚ್ಚು ನೆನಪಿಸುವ, ಚಿಕ್ಕದಾದ ಬಿರುಸು ಗೀತೆಗಳು.

'ದ ಗಾಡ್ ದಟ್ ಫೇಲ್ಡ್' ಗೀತೆಯ ಹಿಂದೆ ಹೆಟ್‌ಫೀಲ್ಡ್ ಅವರ ಬಾಲ್ಯದ ಗಾಯವಿದೆ. ಅವರ ತಂದೆತಾಯಿ ಕ್ರಿಶ್ಚಿಯನ್ ಸೈನ್ಸ್ ಪಂಥದ ಅನುಯಾಯಿಗಳು. ಔಷಧಕ್ಕಿಂತ ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆಂಬ ನಂಬಿಕೆ ಅವರದು. ಕ್ಯಾನ್ಸರ್ ಪೀಡಿತರಾದ ತಾಯಿ ವೈದ್ಯಕೀಯ ಚಿಕಿತ್ಸೆಯನ್ನು ಪಡೆಯದೆ ತೀರಿಕೊಂಡಾಗ ಹೆಟ್‌ಫೀಲ್ಡ್ ಅವರಿಗೆ ಹದಿನಾರು ವರ್ಷ. ಹತ್ತು ವರ್ಷಗಳ ಬಳಿಕ ಬರೆದ ಈ ಹಾಡಿನಲ್ಲಿ ನಂಬಿಕೆಯ ಮೇಲಿನ ಸಿಟ್ಟು ಮತ್ತು ತಾಯಿಯ ಅಗಲಿಕೆಯ ದುಃಖವನ್ನು ಬೇರ್ಪಡಿಸುವುದು ಕಷ್ಟ.

'ನಥಿಂಗ್ ಎಲ್ಸ್ ಮ್ಯಾಟರ್ಸ್' ತಂಡಕ್ಕಾಗಿ ಬರೆದ ಗೀತೆಯೇ ಅಲ್ಲ. ಹೆಟ್‌ಫೀಲ್ಡ್ ಒಂದು ಕೈಯಲ್ಲಿ ದೂರವಾಣಿ ಹಿಡಿದು ಗೆಳತಿಯೊಡನೆ ಮಾತನಾಡುತ್ತಿರುವಾಗ ಇನ್ನೊಂದು ಕೈಯಿಂದ ಗಿಟಾರ್‌ನ ತೆರೆದ ತಂತಿಗಳನ್ನು ಸುಮ್ಮನೆ ಮೀಟುತ್ತಿದ್ದರು. ಎಡಗೈಯಿಂದ ಯಾವ ತಂತಿಯನ್ನೂ ಒತ್ತಬೇಕಿಲ್ಲದ ಆ ಆರಂಭದ ಸ್ವರಗಳು ಹುಟ್ಟಿದ್ದು ಹಾಗೆ. ಪ್ರವಾಸದಲ್ಲಿರುವವನ ಮನೆಯ ಹಂಬಲವನ್ನು ಹೇಳುವ ಈ ಹಾಡನ್ನು ಇತರರಿಗೆ ಕೇಳಿಸಲು ಅವರು ಸಂಕೋಚಪಟ್ಟಿದ್ದರು. ಮೆಟಾಲಿಕಾದಂತಹ ತಂಡ ಪ್ರೇಮಗೀತೆ ಹಾಡುವುದೆಂದರೆ ಆಗ ಸಣ್ಣ ಮಾತಲ್ಲ. ಹಾಡನ್ನು ಕೇಳಿದ ಉಲ್ರಿಕ್ ಅದನ್ನು ಆಲ್ಬಮ್‌ಗೆ ತರಿಸಿದರು. ನಮ್ಮ ತಿಶ್ರ ನಡೆಯನ್ನು ನೆನಪಿಸುವ ಆರು ಎಣಿಕೆಯ ಲಯದಲ್ಲಿರುವ ಇದರಲ್ಲಿ ಸೋಲೋ ವಾದನವೂ ಹೆಟ್‌ಫೀಲ್ಡ್ ಅವರದೇ. ಮುಖ್ಯ ಗಿಟಾರ್ ವಾದಕ ಹ್ಯಾಮೆಟ್ ಈ ಧ್ವನಿಮುದ್ರಿಕೆಯಲ್ಲಿ ನುಡಿಸಿಲ್ಲ. ಇದರ ವಾದ್ಯಮೇಳವನ್ನು ಸಂಯೋಜಿಸಿದವರು ಚಲನಚಿತ್ರ ಸಂಗೀತಕಾರ ಮೈಕೇಲ್ ಕಾಮೆನ್. ಈ ಪರಿಚಯವೇ ಬೆಳೆದು 1999ರ ಏಪ್ರಿಲ್‌ನಲ್ಲಿ ಕಾಮೆನ್ ಅವರ ನಿರ್ದೇಶನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ವೃಂದದೊಡನೆ ಮೆಟಾಲಿಕಾ ನೀಡಿದ ಕಛೇರಿಗಳಿಗೆ ಕಾರಣವಾಯಿತು.

ಹೊದಿಕೆ

ಕಪ್ಪು ಹಿನ್ನೆಲೆಯ ಮೇಲೆ ಕಪ್ಪು ಛಾಯೆಯಲ್ಲೇ ಒಂದು ಮೂಲೆಯಲ್ಲಿ ತಂಡದ ಲಾಂಛನ, ಇನ್ನೊಂದರಲ್ಲಿ ಸುರುಳಿ ಸುತ್ತಿದ ಹಾವು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಅವು ಕಾಣಿಸುತ್ತವೆ. ಹಾವು ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾಲದ ಗ್ಯಾಡ್ಸ್‌ಡೆನ್ ಧ್ವಜದಿಂದ ಬಂದುದು. ತಲೆಬುರುಡೆ, ಶಿಲುಬೆ, ರಕ್ತಗಳ ಚಿತ್ರಗಳೇ ತುಂಬಿದ್ದ ಹೆವಿ ಮೆಟಲ್ ಅಂಗಡಿ ಕಪಾಟಿನಲ್ಲಿ ಚಿತ್ರವೇ ಇಲ್ಲದ ಹೊದಿಕೆಯು ಎದ್ದು ಕಂಡಿತು. ಹೆವಿ ಮೆಟಲ್ ತಂಡಗಳನ್ನು ಗೇಲಿ ಮಾಡಿದ 1984ರ 'ದಿಸ್ ಈಸ್ ಸ್ಪೈನಲ್ ಟ್ಯಾಪ್' ಎಂಬ ಹಾಸ್ಯಚಿತ್ರದಲ್ಲಿ ಕಾಲ್ಪನಿಕ ತಂಡವೊಂದು ಇಂತಹದೇ ಕಪ್ಪು ಹೊದಿಕೆಯ ಆಲ್ಬಮ್ ಹೊರತರುತ್ತದೆ. ಆ ಹೋಲಿಕೆಯನ್ನು ಮೆಟಾಲಿಕಾ ಸದಸ್ಯರು ನಗುತ್ತಲೇ ಒಪ್ಪಿಕೊಂಡರು.

ಬಿಡುಗಡೆ

ಮೊದಲು ಯಾವ ಗೀತೆಯನ್ನು ಬಿಡಿಯಾಗಿ ಹೊರತರಬೇಕೆಂಬುದರಲ್ಲೂ ಭಿನ್ನಾಭಿಪ್ರಾಯವಿತ್ತು. ಬಾಬ್ ರಾಕ್ ಅವರ ಒಲವು 'ಹೋಲಿಯರ್ ದ್ಯಾನ್ ದೌ' ಕಡೆಗಿತ್ತು. ಉಲ್ರಿಕ್ 'ಎಂಟರ್ ಸ್ಯಾಂಡ್‌ಮ್ಯಾನ್' ಎಂದು ಪಟ್ಟುಹಿಡಿದು ಗೆದ್ದರು. 1991ರ ಜುಲೈ ಕೊನೆಯಲ್ಲಿ ಹೊರಬಂದ ಆ ಗೀತೆ ಅಮೆರಿಕದ ಬಿಡಿಗೀತೆಗಳ ಪಟ್ಟಿಯಲ್ಲಿ 16ನೆಯ ಸ್ಥಾನ ಪಡೆಯಿತು. ವೇಯ್ನ್ ಐಶಮ್ ನಿರ್ದೇಶಿಸಿದ ಅದರ ವಿಡಿಯೊ ಎಂಟಿವಿ ವಾಹಿನಿಯಲ್ಲಿ ಮೇಲಿಂದ ಮೇಲೆ ಪ್ರಸಾರವಾಯಿತು. ಆಗಸ್ಟ್ 3ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ಸಾವಿರಾರು ಅಭಿಮಾನಿಗಳಿಗೆ ಇಡೀ ಆಲ್ಬಮ್ ಅನ್ನು ಉಚಿತವಾಗಿ ಕೇಳಿಸಲಾಯಿತು.

ಬಿಡುಗಡೆಯಾದ ಮೊದಲ ವಾರದಲ್ಲಿ ಅಮೆರಿಕವೊಂದರಲ್ಲೇ 5,98,000 ಪ್ರತಿಗಳು ಮಾರಾಟವಾದವು. ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಗೆ ಮೊದಲ ಸ್ಥಾನದಲ್ಲೇ ಪ್ರವೇಶಿಸಿ ನಾಲ್ಕು ವಾರ ಅಲ್ಲಿಯೇ ಉಳಿಯಿತು. ಬ್ರಿಟನ್, ಜರ್ಮನಿ, ಕೆನಡಾ, ಆಸ್ಟ್ರೇಲಿಯಾ ಸೇರಿದಂತೆ ಹತ್ತು ದೇಶಗಳಲ್ಲಿ ಅದು ಮೊದಲ ಸ್ಥಾನ ಪಡೆಯಿತು.

ಈ ಯಶಸ್ಸನ್ನು ಅರಿಯಲು ಅದೇ ವರ್ಷ ಆದ ಇನ್ನೊಂದು ಬದಲಾವಣೆಯನ್ನು ಗಮನಿಸಬೇಕು. 1991ರ ಮೇ ತಿಂಗಳವರೆಗೆ ಬಿಲ್‌ಬೋರ್ಡ್ ಪಟ್ಟಿಯು ಅಂಗಡಿಯವರು ತಿಳಿಸುತ್ತಿದ್ದ ಅಂದಾಜಿನ ಮೇಲೆ ನಿಂತಿತ್ತು. ಯಾವುದು ಹೆಚ್ಚು ಹೋಗುತ್ತಿದೆ ಎಂಬ ಅವರ ಮಾತಿನಲ್ಲಿ ಸ್ವಂತ ಅಭಿರುಚಿಯೂ ಪೂರ್ವಗ್ರಹವೂ ಬೆರೆಯುತ್ತಿದ್ದವು. ಆ ತಿಂಗಳಿಂದ ಸೌಂಡ್‌ಸ್ಕ್ಯಾನ್ ವ್ಯವಸ್ಥೆ ಬಂದು, ಮಾರಾಟದ ಮೇಜಿನ ಮೇಲೆ ಬಾರ್‌ಕೋಡ್ ಓದಿದ ಲೆಕ್ಕವೇ ಪ್ರಮಾಣವಾಯಿತು. ಹೆವಿ ಮೆಟಲ್, ರ‍್ಯಾಪ್, ಕಂಟ್ರಿ ಸಂಗೀತಗಳಿಗೆ ಅದುವರೆಗೆ ಲೆಕ್ಕಕ್ಕೆ ಸಿಗದ ದೊಡ್ಡ ಗ್ರಾಹಕವರ್ಗವಿದೆಯೆಂಬುದು ಆಗ ಬಯಲಾಯಿತು. ಜೂನ್ ತಿಂಗಳಲ್ಲಿ ಸ್ಕಿಡ್ ರೋ ತಂಡದ ಆಲ್ಬಮ್ ನೇರವಾಗಿ ಮೊದಲ ಸ್ಥಾನಕ್ಕೆ ಬಂದಿತ್ತು. ಮೆಟಾಲಿಕಾದ ಕೇಳುಗರು ಹೊಸದಾಗಿ ಹುಟ್ಟಿದವರಷ್ಟೇ ಅಲ್ಲ, ಹಿಂದೆಯೂ ಇದ್ದು ಎಣಿಕೆಗೆ ಬಾರದಿದ್ದವರೂ ಅವರಲ್ಲಿ ಸೇರಿದ್ದರು.

ಮುಂದಿನ ಎರಡು ವರ್ಷಗಳಲ್ಲಿ 'ದ ಅನ್‌ಫರ್ಗಿವನ್', 'ನಥಿಂಗ್ ಎಲ್ಸ್ ಮ್ಯಾಟರ್ಸ್', 'ವೇರೆವರ್ ಐ ಮೇ ರೋಮ್' ಮತ್ತು 'ಸ್ಯಾಡ್ ಬಟ್ ಟ್ರೂ' ಬಿಡಿಗೀತೆಗಳಾಗಿ ಹೊರಬಂದವು. 1992ರಲ್ಲಿ ಆಲ್ಬಮ್‌ಗೆ ಅತ್ಯುತ್ತಮ ಮೆಟಲ್ ವಾದನದ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. 2012ರಲ್ಲಿ ಅಮೆರಿಕದಲ್ಲಿ ಇದಕ್ಕೆ 16 ಪಟ್ಟು ಪ್ಲಾಟಿನಂ ಮಾನ್ಯತೆ ಸಿಕ್ಕಿತು (ಒಂದು ಪ್ಲಾಟಿನಂ ಎಂದರೆ ಹತ್ತು ಲಕ್ಷ ಪ್ರತಿ). 2014ರಲ್ಲಿ, ಸೌಂಡ್‌ಸ್ಕ್ಯಾನ್ ಲೆಕ್ಕ ಆರಂಭವಾದ ಮೇಲೆ 1.6 ಕೋಟಿ ಪ್ರತಿಗಳನ್ನು ದಾಟಿದ ಮೊದಲ ಆಲ್ಬಮ್ ಇದಾಯಿತು.

ಪ್ರವಾಸ

ಬಿಡುಗಡೆಯ ಬೆನ್ನಿಗೇ ಆರಂಭವಾದ ಪ್ರವಾಸ 1993ರವರೆಗೆ ಮುಂದುವರಿಯಿತು. ಈ ಪ್ರವಾಸಕ್ಕಾಗಿ ವಜ್ರಾಕೃತಿಯ ವೇದಿಕೆಯನ್ನು ರೂಪಿಸಿ ಅದರ ನಡುವಿನ ತಗ್ಗಿನಲ್ಲಿ ಕೆಲವು ಅಭಿಮಾನಿಗಳಿಗೆ ನಿಲ್ಲಲು ಅವಕಾಶ ಕೊಡಲಾಯಿತು. ಹೊದಿಕೆಯ ಹಾವಿಗೆ ತಕ್ಕಂತೆ ಅದಕ್ಕೆ 'ಹಾವಿನ ಗುಂಡಿ' ಎಂಬ ಅರ್ಥದ ಹೆಸರು ಬಂದಿತು.

1991ರ ಸೆಪ್ಟೆಂಬರ್ 28ರಂದು ತಂಡವು ಮಾಸ್ಕೋದ ತುಷಿನೊ ವಿಮಾನ ಮೈದಾನದಲ್ಲಿ ಎಸಿ/ಡಿಸಿ, ಪ್ಯಾಂಟೆರಾ ಮುಂತಾದ ತಂಡಗಳೊಡನೆ ಉಚಿತ ಕಾರ್ಯಕ್ರಮ ನೀಡಿತು. ಸೋವಿಯತ್ ಒಕ್ಕೂಟದಲ್ಲಿ ಕ್ಷಿಪ್ರಕ್ರಾಂತಿಯ ಯತ್ನ ವಿಫಲವಾಗಿ ತಿಂಗಳಷ್ಟೇ ಕಳೆದಿತ್ತು. ನೆರೆದ ಜನಸ್ತೋಮದ ಬಗ್ಗೆ ಹೇಳಲಾಗುವ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಲಕ್ಷಗಟ್ಟಲೆ ಜನರಿದ್ದರೆಂಬುದಂತೂ ಚಿತ್ರಗಳಿಂದ ಕಾಣುತ್ತದೆ.

1992ರ ಆಗಸ್ಟ್ 8ರಂದು ಕೆನಡಾದ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡಾಂಗಣದಲ್ಲಿ ವೇದಿಕೆಯ ಬೆಂಕಿಯ ಪ್ರದರ್ಶನಕ್ಕೆ ಹೆಟ್‌ಫೀಲ್ಡ್ ಸಿಕ್ಕಿಕೊಂಡು ಅವರ ಕೈ ತೀವ್ರವಾಗಿ ಸುಟ್ಟಿತು. ಕಾರ್ಯಕ್ರಮ ಅರ್ಧಕ್ಕೇ ನಿಂತಿತು. ಬಳಿಕ ವೇದಿಕೆಗೆ ಬಂದ ಗನ್ಸ್ ಎನ್ ರೋಸಸ್ ತಂಡವೂ ಬೇಗನೆ ಮುಗಿಸಿ ಹೊರಟಾಗ ರೊಚ್ಚಿಗೆದ್ದ ಜನ ದಾಂಧಲೆ ನಡೆಸಿದರು. ಕೆಲವೇ ವಾರಗಳಲ್ಲಿ ಹೆಟ್‌ಫೀಲ್ಡ್ ಪ್ರವಾಸಕ್ಕೆ ಮರಳಿದರು. ಕೈ ಗುಣವಾಗುವವರೆಗೆ ಅವರು ಹಾಡಿದರಷ್ಟೇ. ಅವರ ಗಿಟಾರ್ ಭಾಗವನ್ನು ಜಾನ್ ಮಾರ್ಷಲ್ ನುಡಿಸಿದರು.

ಪ್ರತಿಕ್ರಿಯೆ

ಪತ್ರಿಕಾ ವಿಮರ್ಶಕರಲ್ಲಿ ಬಹುಪಾಲು ಆಲ್ಬಮ್ ಅನ್ನು ಮೆಚ್ಚಿದರು. ರೋಲಿಂಗ್ ಸ್ಟೋನ್ ಪತ್ರಿಕೆ ಮುಂದೆ ತನ್ನ ಸಾರ್ವಕಾಲಿಕ 500 ಆಲ್ಬಮ್‌ಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಆದರೆ ಥ್ರ್ಯಾಶ್ ಮೆಟಲ್ ಅಭಿಮಾನಿಗಳ ಒಂದು ಗುಂಪು ಇದನ್ನು ದ್ರೋಹವೆಂದೇ ಬಗೆಯಿತು. ವೇಗ ತಗ್ಗಿತು, ಗೀತೆಗಳು ರೇಡಿಯೊಗೆ ತಕ್ಕಂತೆ ಮೊಟಕಾದವು, ಪ್ರೇಮಗೀತೆ ಬಂತು, ಹಣಕ್ಕಾಗಿ ತಂಡ ತನ್ನನ್ನು ಮಾರಿಕೊಂಡಿತು ಎಂಬುದು ಅವರ ಆಕ್ಷೇಪ.

ಈ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಹೆಚ್ಚು ಜನರನ್ನು ತಲುಪುವ ಬಯಕೆ ತಂಡಕ್ಕೆ ಇದ್ದೇ ಇತ್ತು; ಆ ಆಸೆಯನ್ನು ಸದಸ್ಯರು ಮರೆಮಾಚಲೂ ಇಲ್ಲ. ಆದರೆ ಸರಳವಾದುದು ಸುಲಭವಾಗಿ ಬಂತೆಂದು ತಿಳಿಯುವುದು ತಪ್ಪು. ಹತ್ತು ರಿಫ್‌ಗಳ ಹಾಡಿನಲ್ಲಿ ಒಂದು ದುರ್ಬಲವಾದರೆ ಮರೆಯಾಗಿ ಹೋಗುತ್ತದೆ. ಎರಡೇ ರಿಫ್‌ಗಳಿರುವಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಹಿಂದಿನ ಯಾವ ಆಲ್ಬಮ್‌ಗೂ ತಂಡ ಇಷ್ಟು ಕಾಲ, ಇಷ್ಟು ಹಣ ಸುರಿದಿರಲಿಲ್ಲ. ವಿವಾದ ಇನ್ನೂ ತೀರಿಲ್ಲ: 1986ರ 'ಮಾಸ್ಟರ್ ಆಫ್ ಪಪೆಟ್ಸ್' ಶ್ರೇಷ್ಠವೋ ಇದು ಶ್ರೇಷ್ಠವೋ ಎಂಬ ಚರ್ಚೆ ಎಲ್ಲೆಡೆ ಮೆಟಲ್ ಅಭಿಮಾನಿಗಳ ನಡುವೆ ನಡೆಯುತ್ತಲೇ ಇದೆ.

ಹೆವಿ ಮೆಟಲ್‌ನ ಹೊರಗೂ ಈ ಗೀತೆಗಳು ಹರಡಿವೆ. ನ್ಯೂಯಾರ್ಕ್ ಯಾಂಕೀಸ್ ತಂಡದ ಬೇಸ್‌ಬಾಲ್ ಆಟಗಾರ ಮರಿಯಾನೊ ರಿವೇರಾ ಮೈದಾನಕ್ಕೆ ಇಳಿಯುವಾಗ ವರ್ಷಗಳ ಕಾಲ 'ಎಂಟರ್ ಸ್ಯಾಂಡ್‌ಮ್ಯಾನ್' ಮೊಳಗುತ್ತಿತ್ತು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವೂ ಅದೇ ಗೀತೆಯೊಡನೆ ಅಂಗಳಕ್ಕೆ ಬರುತ್ತದೆ.

ಭಾರತದಲ್ಲಿ

ಮೆಟಾಲಿಕಾ ಭಾರತದಲ್ಲಿ ಮೊದಲ ಬಾರಿಗೆ ಕಾರ್ಯಕ್ರಮ ನೀಡಿದ್ದು ಬೆಂಗಳೂರಿನಲ್ಲಿ. 2011ರ ಅಕ್ಟೋಬರ್ 28ರಂದು ದೆಹಲಿಯ ಬಳಿಯ ಗುರಗಾಂವ್‌ನಲ್ಲಿ ನಡೆಯಬೇಕಿದ್ದ ಕಛೇರಿ ರದ್ದಾಯಿತು. ಸಿಟ್ಟಾದ ಪ್ರೇಕ್ಷಕರು ವೇದಿಕೆಗೆ ನುಗ್ಗಿದರು. ಎರಡು ದಿನಗಳ ಬಳಿಕ, ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ತಂಡ ಸಾಂಗವಾಗಿ ನುಡಿಸಿತು. 'ಎಂಟರ್ ಸ್ಯಾಂಡ್‌ಮ್ಯಾನ್' ಮತ್ತು 'ನಥಿಂಗ್ ಎಲ್ಸ್ ಮ್ಯಾಟರ್ಸ್' ಅಂದಿನ ಗೀತೆಗಳಲ್ಲಿ ಸೇರಿದ್ದವು. ಬ್ರಿಟನ್ನಿನ ಐರನ್ ಮೇಡನ್ ತಂಡ 2007ರಲ್ಲಿ ಇದೇ ಮೈದಾನದಲ್ಲಿ ನುಡಿಸಿದಂದಿನಿಂದ ಬೆಂಗಳೂರು ದೇಶದ ಮೆಟಲ್ ಕೇಳುಗರಿಗೆ ಮುಖ್ಯ ನೆಲೆಯಾಗಿತ್ತು.

ಮೂವತ್ತನೆಯ ವರ್ಷದ ಮರುಬಿಡುಗಡೆ

ಆಲ್ಬಮ್‌ಗೆ ಮೂವತ್ತು ವರ್ಷ ತುಂಬಿದಾಗ, 2021ರ ಸೆಪ್ಟೆಂಬರ್ 10ರಂದು, ಅದರ ಪರಿಷ್ಕೃತ ಆವೃತ್ತಿಯೊಡನೆ 'ದ ಮೆಟಾಲಿಕಾ ಬ್ಲ್ಯಾಕ್‌ಲಿಸ್ಟ್' ಎಂಬ ಸಂಕಲನವೂ ಹೊರಬಂದಿತು. ಬೇರೆ ಬೇರೆ ದೇಶ ಮತ್ತು ಸಂಗೀತ ಪ್ರಕಾರಗಳ 53 ಕಲಾವಿದರು ಮತ್ತು ತಂಡಗಳು ಇದರ ಹನ್ನೆರಡು ಗೀತೆಗಳಲ್ಲಿ ತಮಗೆ ಬೇಕಾದುದನ್ನು ಆರಿಸಿಕೊಂಡು ಮರುರೂಪಿಸಿದರು. ಭಾರತದಿಂದ ವಿಶಾಲ್ ದದ್ಲಾನಿ, ರ‍್ಯಾಪ್ ಗಾಯಕ ಡಿವೈನ್ ಮತ್ತು ಶೋರ್ ಪೊಲೀಸ್ ಜೋಡಿ ಕೂಡಿ 'ದ ಅನ್‌ಫರ್ಗಿವನ್' ಗೀತೆಯನ್ನು ಹಾಡಿದರು. ಆದಾಯವನ್ನು ಮೆಟಾಲಿಕಾದ ದತ್ತಿ ಪ್ರತಿಷ್ಠಾನ ಮತ್ತು ಆಯಾ ಕಲಾವಿದರು ಸೂಚಿಸಿದ ಸೇವಾಸಂಸ್ಥೆಗಳ ನಡುವೆ ಹಂಚಲಾಯಿತು. ಅತಿ ಹೆಚ್ಚು ಕಲಾವಿದರು, ಒಟ್ಟು ಹನ್ನೆರಡು ಮಂದಿ, ಆರಿಸಿಕೊಂಡದ್ದು ಹೆಟ್‌ಫೀಲ್ಡ್ ಇತರರಿಗೆ ಕೇಳಿಸಲು ಹಿಂಜರಿದಿದ್ದ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಗೀತೆಯನ್ನು.